ಮೊದಲ ಸೈಕಲ್ ಕ್ಲಾಸಿಗೆ 15 ನಿಮಿಷ ಮುಂಚೆ ಬನ್ನಿ ಅಂತ ಹೇಳುವವರು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜನವರಿ ಬಂತು ಅಂದರೆ ನಮ್ಮ ಮೈಸೂರಿನಲ್ಲಿ ಜಿಮ್‌ಗಳ ಬ್ಯಾನರ್ ಏಳುತ್ತವೆ. ಈ ಸಲ ನಮ್ಮ ಬಡಾವಣೆಯ ಸರ್ಕಲ್ ಒಂದರಲ್ಲೇ ಮೂರು ಎಣಿಸಿದೆ. ಮೂರರಲ್ಲೂ ಸೈಕಲ್ ತುಳಿಯುವವರ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ‘ಇಂಡೋರ್ ಸೈಕ್ಲಿಂಗ್, ಮೊದಲ ಕ್ಲಾಸ್ ಉಚಿತ’. ಆ ಮೊದಲ ಕ್ಲಾಸಿನ ಬಗ್ಗೆಯೇ ಈ ಪತ್ರ. ಉದ್ದ ಆಗಿದೆ. ಆದರೂ ಆದಷ್ಟು ಪೂರ್ತಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ, ಯಾವ ಮನೆಯವರಿಗೆ ಇದರ ಯಾವ ಸಾಲು ಬೇಕಾಗುತ್ತೋ ಹೇಳಲಾಗುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು, ವಯಸ್ಸು 49. ಒಂದು ವರ್ಷದಿಂದ ವಾರಕ್ಕೆ ಎರಡು ದಿನ ಈ ಕ್ಲಾಸಿಗೆ ಹೋಗುತ್ತಿದ್ದೇನೆ. ನನಗೆ ಅದು ತುಂಬಾ ಇಷ್ಟ, ಒಳ್ಳೆಯದೂ ಆಗಿದೆ. ಮೊದಲೆಲ್ಲ ಮೂರನೇ ಮಹಡಿಯ ಕ್ಲಾಸ್‌ರೂಮಿಗೆ ಹತ್ತಿದರೆ ಪಾಠ ಶುರು ಮಾಡುವ ಮುಂಚೆ ಒಂದು ನಿಮಿಷ ಟೇಬಲ್ ಹಿಡಿದು ನಿಲ್ಲಬೇಕಿತ್ತು, ಈಗ ಬೇಕಾಗಿಲ್ಲ. ಹಾಗಾಗಿ ಇದು ಜಿಮ್ ವಿರುದ್ಧದ ಪತ್ರ ಅಲ್ಲ. ಆದರೆ ನಾನು ಸೇರುವುದಕ್ಕೆ ನಾಲ್ಕು ತಿಂಗಳು ಮುಂಚೆ ನನ್ನ ಅಕ್ಕನ ಮಗ ಇಂಥದೇ ಒಂದು ಉಚಿತ ಕ್ಲಾಸಿಗೆ ಹೋಗಿ ಬಂದು ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದ.

ಅವನಿಗೆ 26 ವರ್ಷ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಕಾಲೇಜಿನಲ್ಲಿ ಕ್ರಿಕೆಟ್ ಆಡುತ್ತಿದ್ದ, ಆಮೇಲೆ ಎಲ್ಲರ ಹಾಗೆ ಬಿಟ್ಟ. ಒಂದು ಶನಿವಾರ ಸಂಜೆ ಗೆಳೆಯರ ಜೊತೆ ಟ್ರಯಲ್ ಕ್ಲಾಸಿಗೆ ಹೋದ. ತಡವಾಗಿ ಹೋಗಿದ್ದಾರೆ, ಲೈಟ್ ಆರಿಸಿ ಹಾಡು ಶುರುವಾಗಿಬಿಟ್ಟಿತ್ತು, ಖಾಲಿ ಇದ್ದ ಸೈಕಲ್ ತೋರಿಸಿ ‘ಹತ್ತಿ ಬ್ರೋ’ ಅಂದಿದ್ದಾರೆ. ಸೀಟು ಅವನಿಗೆ ತೀರಾ ತಗ್ಗು. ಯಾರೂ ನೋಡಲಿಲ್ಲ, ಅವನಿಗೂ ಗೊತ್ತಾಗಲಿಲ್ಲ. 45 ನಿಮಿಷ ತುಳಿದಿದ್ದಾನೆ. ಅರ್ಧ ಗಂಟೆಗೇ ತೊಡೆ ನಡುಗುತ್ತಿತ್ತಂತೆ, ಆದರೆ ಪಕ್ಕದಲ್ಲಿ ಗೆಳೆಯರು, ಎದುರಿಗೆ ಮೈಕ್ ಹಿಡಿದು ‘ನಿಲ್ಲಿಸಬೇಡಿ, ಇನ್ನೊಂದೇ ಹಾಡು’ ಅಂತ ಕೂಗುವ ಟ್ರೇನರ್, ಹೇಗೆ ಇಳಿಯುತ್ತಾನೆ ಹುಡುಗ? ಇಳಿದಾಗ ಕಾಲು ನೆಲಕ್ಕೆ ಊರಲಿಲ್ಲ, ಗೋಡೆ ಹಿಡಿದುಕೊಂಡು ಬಂದ. ‘ಮೊದಲ ದಿನ ಅಲ್ವಾ, ಹಾಗೇ ಆಗುತ್ತೆ’ ಅಂದರಂತೆ.

ಭಾನುವಾರ ತೊಡೆ ಎರಡೂ ಊದಿಕೊಂಡು ಪ್ಯಾಂಟು ಬಿಗಿಯಾಯಿತು. ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ನುಂಗಿದ. ಸೋಮವಾರ ಬೆಳಿಗ್ಗೆ ನನಗೆ ಫೋನ್ ಮಾಡಿದ. ‘ಚಿಕ್ಕಮ್ಮ, ಅಮ್ಮನಿಗೆ ಹೇಳಬೇಡಿ, ಗಾಬರಿಯಾಗುತ್ತಾರೆ. ಕಾಲು ಮಡಚೋಕೆ ಆಗ್ತಿಲ್ಲ. ಮೂತ್ರ ಕಾಫಿ ಡಿಕಾಕ್ಷನ್ ಥರ ಬರ್ತಾ ಇದೆ.’ ಆ ಮಾತು ಕೇಳಿ ನನ್ನ ಕೈಯೇ ತಣ್ಣಗಾಯಿತು. ಸ್ಕೂಲಿಗೆ ರಜೆ ಹೇಳಿ ಆಟೊದಲ್ಲಿ ಕೂರಿಸಿಕೊಂಡು ಹೋದೆ. ಆಟೊ ಹತ್ತಲು ಅವನ ಒಂದೊಂದೇ ಕಾಲನ್ನು ನಾನು ಎತ್ತಿ ಒಳಗಿಡಬೇಕಾಯಿತು.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಸಿಪಿಕೆ ಅಂತ ಒಂದು ಪರೀಕ್ಷೆ ಮಾಡಿಸಿದರು. ಸಾಮಾನ್ಯವಾಗಿ 200ರ ಆಸುಪಾಸಿನಲ್ಲಿ ಇರಬೇಕಾದ್ದು, ಇವನದು 40 ಸಾವಿರ ದಾಟಿತ್ತು. ಇದಕ್ಕೆ ರಾಬ್ಡೊಮಯೊಲಿಸಿಸ್ ಅನ್ನುತ್ತಾರೆ ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಅಭ್ಯಾಸ ಇಲ್ಲದ ಮಾಂಸಖಂಡಕ್ಕೆ ಒಮ್ಮೆಲೇ ಮಿತಿಮೀರಿ ಕೆಲಸ ಕೊಟ್ಟರೆ ಅದರ ಜೀವಕೋಶಗಳು ಒಡೆಯುತ್ತವೆ, ಒಳಗಿದ್ದ ಮಯೊಗ್ಲೋಬಿನ್ ಅನ್ನುವ ಪ್ರೋಟೀನ್ ರಕ್ತಕ್ಕೆ ಸೇರುತ್ತೆ, ಅದು ಕಿಡ್ನಿಯ ಸಣ್ಣ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತೆ. ಮೂತ್ರದ ಆ ಬಣ್ಣ ಅದರದೇ. ನೋವಿನ ಮಾತ್ರೆ ನುಂಗಿದ್ದು ಇನ್ನೂ ತಪ್ಪಾಯಿತು, ಅಂಥ ಹೊತ್ತಿನಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೇನ್ ಥರದ್ದು ಕಿಡ್ನಿಗೆ ಇನ್ನಷ್ಟು ಭಾರ ಅಂದರು. ಐದು ದಿನ ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರು. ಡಯಾಲಿಸಿಸ್ ತನಕ ಹೋಗಲಿಲ್ಲ, ಅದು ನಮ್ಮ ಪುಣ್ಯ.

ಆ ರಾತ್ರಿ ಆಸ್ಪತ್ರೆ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಹುಡುಕಿ ಓದಿದೆ. ಇದು ಡಾಕ್ಟರುಗಳಿಗೆ ಹೊಸದೇನಲ್ಲ. 2017ರಲ್ಲೇ ಅಮೆರಿಕದ ಕೆಲವು ವೈದ್ಯರು ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದಿದ್ದಾರೆ. ತಮ್ಮಲ್ಲಿಗೆ ಬಂದ ಮೂವರ ಕಥೆ ಹೇಳಿ, ಅದಕ್ಕೂ ಮುಂಚೆ ಬೇರೆ ಬೇರೆ ಕಡೆ ದಾಖಲಾಗಿದ್ದನ್ನು ಹುಡುಕಿದ್ದಾರೆ. ಸ್ಪಿನ್ ಕ್ಲಾಸಿನಿಂದ, ಅಂದರೆ ಇದೇ ಇಂಡೋರ್ ಸೈಕಲ್ ಕ್ಲಾಸಿನಿಂದ, ಹೀಗಾದ 46 ಪ್ರಕರಣ ಸಿಕ್ಕಿವೆ. ಅದರಲ್ಲಿ 42 ಜನರಿಗೆ ಅದು ಮೊಟ್ಟಮೊದಲ ಕ್ಲಾಸು. ಈ ಎರಡು ಸಂಖ್ಯೆ ನೋಡಿದ ಮೇಲೆ ನನಗೆ ಬೇರೆ ಮಾತೇ ಬೇಕಾಗಲಿಲ್ಲ. ಲಕ್ಷಾಂತರ ಜನ ತುಳಿಯುತ್ತಾರೆ, ಹೀಗಾಗುವುದು ಅಪರೂಪ, ಒಪ್ಪುತ್ತೇನೆ. ಆದರೆ ಆಗುವುದಿದ್ದರೆ ಹೆಚ್ಚಾಗಿ ಮೊದಲ ದಿನವೇ ಆಗುತ್ತೆ. ಅಂದ ಮೇಲೆ ಇಡೀ ಜಿಮ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ನಿಗಾ ಬೇಕಾದವನು ಅವತ್ತು ತಾನೇ ಬಂದ ಹೊಸಬ. ನಮ್ಮಲ್ಲಿ ಅವನನ್ನೇ ಕತ್ತಲಲ್ಲಿ ಖಾಲಿ ಸೈಕಲ್ ಹತ್ತಿಸಿ ಬಿಡುತ್ತೇವೆ.

ನಮಗೆಲ್ಲ ಸೈಕಲ್ ಗೊತ್ತು, ಅದರಲ್ಲಿ ಕಲಿಯುವುದೇನಿದೆ ಅನ್ನುವ ಭಾವನೆಯೇ ಇದಕ್ಕೆ ಮೂಲ ಅಂತ ನನಗೆ ಅನ್ನಿಸುತ್ತೆ. 2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದ ಮೇಲೆ ನಮ್ಮ ಸ್ಕೂಲಿನ ಹೆಣ್ಣುಮಕ್ಕಳು ಒಂದೇ ವಾರದಲ್ಲಿ ಕಲಿತು ಹಳ್ಳಿಯಿಂದ ಬರುತ್ತಿದ್ದುದನ್ನು ನಾನು ನೋಡಿದ್ದೇನೆ. ಆದರೆ ರಸ್ತೆಯ ಸೈಕಲ್ಲೇ ಬೇರೆ, ಜಿಮ್ಮಿನದೇ ಬೇರೆ. ರಸ್ತೆ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಫ್ರೀವೀಲ್ ಇರುತ್ತೆ. ಕಾಲು ನಿಲ್ಲಿಸಿದರೆ ಟಿಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಾ ಚಕ್ರ ತಾನೇ ಓಡುತ್ತೆ, ಇಳಿಜಾರಿನಲ್ಲಿ ಕಾಲಿಗೆ ಬಿಡುವು. ಜಿಮ್ಮಿನ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಆ ಟಿಕ್ ಟಿಕ್ ಇಲ್ಲ. ಮುಂದೆ ಭಾರದ ಚಕ್ರ ಒಂದಿರುತ್ತೆ, ಹಲವದರಲ್ಲಿ 13ರಿಂದ 20 ಕೆಜಿ ತನಕ. ಪೆಡಲ್ ಅದಕ್ಕೆ ನೇರವಾಗಿ ಸೇರಿರುತ್ತೆ. ಚಕ್ರ ತಿರುಗುವಷ್ಟು ಹೊತ್ತು ಪೆಡಲ್ ತಿರುಗುತ್ತೆ, ಪೆಡಲ್ ತಿರುಗುವಷ್ಟು ಹೊತ್ತು ನಿಮ್ಮ ಕಾಲು ತಿರುಗಲೇಬೇಕು. ಜೋರಾಗಿ ತುಳಿಯುತ್ತಾ ಸುಮ್ನೆ ಕಾಲು ನಿಲ್ಲಿಸಲು ಹೋದರೆ ಚಕ್ರ ಕಾಲನ್ನು ಎಳೆದುಕೊಂಡು ಹೋಗುತ್ತೆ, ಮಂಡಿ ಉಳುಕಬಹುದು. ಜಡತ್ವ ಅಂತ ನಾನೇ ಪಾಠ ಮಾಡುವ ವಿಷಯ, ಅದು ನನ್ನ ಮಂಡಿಗೆ ಅರ್ಥವಾದದ್ದು ಆ ಸೈಕಲ್ ಹತ್ತಿದ ಮೇಲೆ. ನಿಲ್ಲಿಸುವುದಕ್ಕೆ ಮುಂದೆ ಒಂದು ಕೆಂಪು ಅಥವಾ ಕಪ್ಪು ಗುಂಡಿ ಇರುತ್ತೆ. ಅದನ್ನು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ, ಕೆಳಕ್ಕೆ ಒತ್ತಿ ಹಿಡಿದರೆ ಬ್ರೇಕ್. ಎಲ್ಲಕ್ಕಿಂತ ಮೊದಲು ಹೇಳಿಕೊಡಬೇಕಾದದ್ದು ಈ ಬ್ರೇಕ್. ನನ್ನ ಅಕ್ಕನ ಮಗನಿಗೆ ಕೊನೆಯ ತನಕ ಅದು ಗೊತ್ತೇ ಇರಲಿಲ್ಲ.

ಅಂದಹಾಗೆ ಈ ಕ್ಲಾಸನ್ನು ಹುಟ್ಟುಹಾಕಿದವರು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜಾನಿ ಗೋಲ್ಡ್‌ಬರ್ಗ್ ಅನ್ನುವ ಸೈಕಲ್ ಪಟು. 1980ರ ದಶಕದಲ್ಲಿ ಅಮೆರಿಕವನ್ನು ಈ ತುದಿಯಿಂದ ಆ ತುದಿಗೆ ದಾಟುವ ರೇಸಿಗೆ ತಯಾರಾಗುವಾಗ ಮನೆಯೊಳಗೇ ತುಳಿಯಲು ಇಂಥ ಸೈಕಲ್ ಮಾಡಿಕೊಂಡರು. ‘ಸ್ಪಿನ್ನಿಂಗ್’ ಅನ್ನುವ ಹೆಸರು ಇವತ್ತಿಗೂ ಒಂದು ಕಂಪನಿಯ ಟ್ರೇಡ್‌ಮಾರ್ಕ್. ಅಂದರೆ ಇದು ಮೂಲದಲ್ಲಿ ಪಳಗಿದ ಕಾಲುಗಳಿಗಾಗಿ ಹುಟ್ಟಿದ್ದು. ನಮ್ಮ ನಿಮ್ಮಂಥವರಿಗೆ ಖಂಡಿತ ಒಗ್ಗುತ್ತೆ, ಆದರೆ ಒಗ್ಗಿಸಿಕೊಳ್ಳಬೇಕು.

ಈಗ ನನ್ನ ಮೊದಲ ದಿನದ ವಿಷಯ. ಇಷ್ಟೆಲ್ಲ ಆದ ಮೇಲೆ ನಾನೇಕೆ ಹೋದೆ ಅಂತ ಅಕ್ಕ ಬೈದಳು. ಮಂಡಿ ಸವೆತ ಶುರುವಾಗಿದೆ, ಓಡಬೇಡಿ, ಸೈಕಲ್ ತುಳಿಯಿರಿ ಅಂತ ನನ್ನ ಡಾಕ್ಟರ್ ಹೇಳಿದ್ದರು. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಐದೂವರೆಗೆ ನಾಯಿಗಳ ಕಾಟ, ಹೊರಗೆ ತುಳಿಯಲು ಧೈರ್ಯ ಬರಲಿಲ್ಲ. ಬೇರೆ ಒಂದು ಸಣ್ಣ ಜಿಮ್‌ಗೆ ಹಿಂದಿನ ದಿನ ಫೋನ್ ಮಾಡಿ, ಮೊದಲ ಸಲ ಬರುತ್ತಿದ್ದೇನೆ ಅಂದೆ. ಆ ಕಡೆಯ ಹುಡುಗಿ ‘ಹಾಗಾದ್ರೆ ಆರು ಗಂಟೆ ಕ್ಲಾಸಿಗೆ ಐದೂ ಮುಕ್ಕಾಲಿಗೆ ಬನ್ನಿ ಮೇಡಂ’ ಅಂದಳು. ಆ 15 ನಿಮಿಷವೇ ಎಲ್ಲ.

ಅವಳು ಏನು ಮಾಡಿದಳು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲು ನನ್ನನ್ನು ಸೈಕಲ್ ಪಕ್ಕ ನಿಲ್ಲಿಸಿದಳು. ಸೊಂಟದ ಮೂಳೆ ಕೈಗೆ ಸಿಗುತ್ತಲ್ಲ, ಆ ಮಟ್ಟಕ್ಕೆ ಸೀಟು ಏರಿಸಿದಳು. ಆಮೇಲೆ ಕೂರಿಸಿ, ಒಂದು ಪೆಡಲನ್ನು ಪೂರ್ತಿ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿ ಅಂದಳು. ಆಗ ಕಾಲು ನೆಟ್ಟಗಾಗಬೇಕು. ನಂತರ ಹಿಮ್ಮಡಿ ತೆಗೆದು ಪಾದದ ಮುಂಭಾಗ, ಹೆಬ್ಬೆರಳ ಬುಡದಲ್ಲಿ ಉಬ್ಬಿಕೊಂಡಿರುತ್ತಲ್ಲ ಆ ಜಾಗ, ಪೆಡಲಿನ ನಡುವೆ ಬರುವ ಹಾಗೆ ಇಟ್ಟಾಗ ಮಂಡಿ ಒಂಚೂರು ಮಡಚಿರಬೇಕು. ಸೀಟು ತಗ್ಗಿದ್ದರೆ ಮಂಡಿ ಮೇಲೆ ಪೂರ್ತಿ ಭಾರ ಬೀಳುತ್ತೆ, ಎತ್ತರ ಹೆಚ್ಚಾದರೆ ತುಳಿಯುವಾಗ ಸೊಂಟ ಆ ಕಡೆ ಈ ಕಡೆ ಜೋಲಾಡುತ್ತೆ. ಆಮೇಲೆ ಸೀಟನ್ನು ಹಿಂದೆ ಮುಂದೆ ಸರಿಸುವುದು. ಎರಡು ಪೆಡಲ್ ಸಮವಾಗಿ ಇಟ್ಟುಕೊಂಡಾಗ ಮುಂದಿನ ಮಂಡಿ ಪೆಡಲಿನ ನಡುವಿಗೆ ಸರಿಯಾಗಿ ಮೇಲಿರಬೇಕು. ಗೋಡೆ ಕಟ್ಟುವವರು ದಾರಕ್ಕೆ ಗುಂಡು ಇಳಿಬಿಟ್ಟು ನೆಟ್ಟಗಿದೆಯಾ ಅಂತ ನೋಡುತ್ತಾರಲ್ಲ, ಹಾಗೆ ಅವಳು ಒಂದು ದಾರಕ್ಕೆ ನಟ್ಟು ಕಟ್ಟಿ ನನ್ನ ಮಂಡಿಯಿಂದ ಇಳಿಬಿಟ್ಟು ನೋಡಿದಳು! ಸೀಟನ್ನು ಎರಡು ಗೆರೆ ಹಿಂದಕ್ಕೆ ಸರಿಸಿದಳು. ಹ್ಯಾಂಡಲ್ ಮಾತ್ರ ಸೀಟಿಗಿಂತ ಮೇಲೆಯೇ ಇಟ್ಟಳು, ಹೊಸಬರು ತುಂಬಾ ಬಗ್ಗಿದರೆ ಬೆನ್ನು ಹಿಡಿದುಕೊಳ್ಳುತ್ತೆ ಅಂತ.

ಕೊನೆಗೆ ಸೀಟಿನ ಕಂಬದ ಮೇಲೆ, ಹ್ಯಾಂಡಲ್ ಕಂಬದ ಮೇಲೆ ಇದ್ದ ನಂಬರುಗಳ ಫೋಟೊ ತೆಗೆಸಿದಳು. ಸೀಟು 5, ಹ್ಯಾಂಡಲ್ 8. ಅವತ್ತಿನಿಂದ ನಾನು ಹೋದ ತಕ್ಷಣ ಆ ನಂಬರಿಗೆ ಇಟ್ಟುಕೊಳ್ಳುತ್ತೇನೆ, ಒಂದು ನಿಮಿಷದ ಕೆಲಸ. ಇಟ್ಟ ಮೇಲೆ ತಿರುಪು ಗಟ್ಟಿ ಆಗಿದೆಯಾ ಅಂತ ಸೀಟನ್ನು ಒಮ್ಮೆ ಅಲುಗಿಸಿ ನೋಡಲೇಬೇಕು. ತುಳಿಯುವಾಗ ಸೀಟು ಸರ‍್ರನೆ ಕೆಳಗಿಳಿದದ್ದನ್ನು ಒಂದು ದಿನ ಪಕ್ಕದ ಸೈಕಲ್ಲಿನಲ್ಲಿ ನೋಡಿದ್ದೇನೆ.

ಬಟ್ಟೆ ವಿಷಯದಲ್ಲಿ ಹೆಂಗಸರಿಗೆ ಒಂದು ಮಾತು. ಚೂಡಿದಾರ್ ಹಾಕಿಕೊಂಡು ಹೋಗುವುದು ತಪ್ಪಲ್ಲ, ಆದರೆ ವೇಲು ತೆಗೆದಿಡಿ, ಅಗಲ ಪ್ಯಾಂಟು ಬೇಡ, ಟಾಪಿನ ಅಂಚು ಸೀಟಿಗೆ ಸಿಕ್ಕಿಕೊಳ್ಳದ ಹಾಗೆ ಗಿಡ್ಡಗಿರಲಿ. ತಿರುಗುವ ಪೆಡಲಿಗೆ ಬಟ್ಟೆ ಸಿಕ್ಕಿದರೆ, ಆಗಲೇ ಹೇಳಿದೆನಲ್ಲ, ಚಕ್ರ ನಿಲ್ಲುವುದಿಲ್ಲ. ಮೈಗೆ ಅಂಟಿಕೊಂಡ ಬಟ್ಟೆ ಹಾಕಲು ಸಂಕೋಚ ಅಂತ ನಮ್ಮ ಸ್ಕೂಲಿನ ಇಬ್ಬರು ಟೀಚರ್ ಬರುವುದನ್ನೇ ಬಿಟ್ಟಿದ್ದರು. ಟ್ರ್ಯಾಕ್ ಪ್ಯಾಂಟಿನ ಕಾಲನ್ನು ಸಾಕ್ಸ್ ಒಳಗೆ ಸೇರಿಸಿದರೆ ಸಾಕು, ಮೇಲೆ ಹತ್ತಿಯ ಟೀ ಶರ್ಟು, ಅಷ್ಟೇ ಅಂತ ಕರೆದುಕೊಂಡು ಹೋದೆ, ಈಗ ಇಬ್ಬರೂ ಬರುತ್ತಿದ್ದಾರೆ. ಶೂ ಅಡಿ ಸ್ವಲ್ಪ ಗಟ್ಟಿ ಇರಬೇಕು. ಮೆತ್ತನೆಯ ಅಡಿ ಪೆಡಲಿನ ಮೇಲೆ ಬಾಗಿ ಅಂಗಾಲು ಮರಗಟ್ಟುತ್ತೆ. ಪೆಡಲಿಗೆ ಕಚ್ಚಿಕೊಳ್ಳುವ ದುಬಾರಿ ಸೈಕ್ಲಿಂಗ್ ಶೂ ಮೊದಲ ದಿನ ಬೇಡವೇ ಬೇಡ, ಪೆಡಲಿನಲ್ಲೇ ಪಟ್ಟಿ ಇರುತ್ತೆ, ಅದನ್ನು ಬಿಗಿ ಮಾಡಿಕೊಂಡು ಲೇಸಿನ ತುದಿ ಶೂ ಒಳಗೆ ಸಿಕ್ಕಿಸಿದರೆ ಆಯಿತು.

ಸೀಟು ನೋಯುತ್ತೆ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ನಾನು ಹೇಳುತ್ತೇನೆ. ಮೊದಲ ಎರಡು ಮೂರು ಸಲ ಕೂರುವ ಮೂಳೆಯ ಹತ್ತಿರ ನೋವು ಬರುತ್ತೆ, ಆಮೇಲೆ ಅಭ್ಯಾಸವಾಗುತ್ತೆ. ಒಳಗೆ ಮೆತ್ತೆ ಇರುವ ಸೈಕ್ಲಿಂಗ್ ಶಾರ್ಟ್ಸ್ ಸಿಗುತ್ತೆ, ಅದರ ಮೇಲೆ ಪ್ಯಾಂಟು ಹಾಕಿಕೊಳ್ಳಬಹುದು. ಆದರೆ ಜೋಮು ಹಿಡಿದರೆ ಅದು ಅಭ್ಯಾಸದ ಮಾತಲ್ಲ, ಸೀಟು ಸರಿ ಇಲ್ಲ ಅಂತ, ತಕ್ಷಣ ಟ್ರೇನರ್‌ಗೆ ಹೇಳಿ.

ಹೊಟ್ಟೆ ವಿಷಯ ಸುಲಭ. ಬೆಳಗಿನ ಕ್ಲಾಸಾದರೆ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು. ಬರೀ ಕಾಫಿ ಕುಡಿದು ಓಡಬೇಡಿ, ತಲೆ ಸುತ್ತುತ್ತೆ. ಸಂಜೆ ಕ್ಲಾಸಾದರೆ ಊಟ ತಿಂಡಿ ಆಗಿ ಎರಡು ಗಂಟೆ ಕಳೆದಿರಲಿ. ನೀರು ಮಾತ್ರ ಮರೆಯಬಾರದು, ಮುಕ್ಕಾಲು ಲೀಟರಿನ ಬಾಟಲಿ ತುಂಬಿಸಿಕೊಂಡು ಹೋಗಿ, ಪ್ರತಿ ಹಾಡು ಮುಗಿದಾಗ ಎರಡು ಗುಟುಕು ಕುಡಿಯಿರಿ. ರಸ್ತೆಯಲ್ಲಿ ತುಳಿಯುವಾಗ ಮುಖಕ್ಕೆ ಗಾಳಿ ಹೊಡೆದು ಬೆವರು ಆರುತ್ತಾ ಹೋಗುತ್ತೆ, ಒಳಗೆ ಆ ಗಾಳಿ ಇಲ್ಲ, ಬೆವರು ಧಾರಾಕಾರ ಇಳಿಯುತ್ತೆ. ಅದಕ್ಕೇ ಫ್ಯಾನಿನ ಹತ್ತಿರದ ಸೈಕಲ್ ಹಿಡಿಯಿರಿ, ಹ್ಯಾಂಡಲ್ ಮೇಲೆ ಒಂದು ಟವೆಲ್ ಹಾಸಿಕೊಳ್ಳಿ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಮನೆಗೆ ಬಂದು ಉಪ್ಪು ಹಾಕಿದ ನೀರು ಮಜ್ಜಿಗೆ ಕುಡಿದರೆ ಜೀವ ಬರುತ್ತೆ.

ಕ್ಲಾಸಿನೊಳಗೆ ಎಷ್ಟು ತುಳಿಯಬೇಕು? ಇದೇ ಮುಖ್ಯ. ಟ್ರೇನರ್ ‘ಗುಂಡಿ ಒಂದು ಸುತ್ತು ಬಿಗಿ ಮಾಡಿ’ ಅಂದಾಗ ಹೊಸಬರು ಕಾಲು ಸುತ್ತು ಮಾಡಿದರೆ ಸಾಕು. ಹಾಗಂತ ಪೂರ್ತಿ ಸಡಿಲ ಬಿಟ್ಟು ಗಿರಗಿರ ತುಳಿಯುವುದೂ ತಪ್ಪು, ಆಗ ಕಾಲು ಚಕ್ರದ ಕೈಗೆ ಹೋಗುತ್ತೆ, ಸೀಟಿನ ಮೇಲೆ ಮೈ ಕುಣಿಯಲು ಶುರುವಾಗುತ್ತೆ. ಸಮತಟ್ಟು ರಸ್ತೆ ಅಂದಾಗ ನಿಮಿಷಕ್ಕೆ 80ರಿಂದ 110 ಸುತ್ತು, ಏರು ಅಂದಾಗ 60ರಿಂದ 80 ಅಂತ ಈ ಕ್ಲಾಸುಗಳಲ್ಲಿ ಒಂದು ಲೆಕ್ಕವಿದೆ. ಸ್ಕ್ರೀನ್ ಇಲ್ಲದ ಸೈಕಲ್ಲಾದರೆ ಬಲಗಾಲು ಕೆಳಗೆ ಬರುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 20 ಸಲ ಬಂದರೆ ನಿಮಿಷಕ್ಕೆ 80. ಮೊದಲ ದಿನ ಈ 80ರ ಸುತ್ತಮುತ್ತ ಇದ್ದುಬಿಡಿ. ಎದ್ದು ನಿಂತು ತುಳಿಯಿರಿ ಅಂದಾಗ ಕೂತೇ ಇರಿ. ನಿಂತಾಗ ತೊಡೆಗೆ ಬೀಳುವ ಭಾರ ಬೇರೆಯೇ.

ಎದೆಬಡಿತಕ್ಕೆ 220ರಲ್ಲಿ ವಯಸ್ಸು ಕಳೆಯುವ ಲೆಕ್ಕ ಒಂದಿದೆ, ನನಗೆ 171 ಬರುತ್ತೆ, ಅದು ಅಂದಾಜಿನ ಗರಿಷ್ಠ. ನಾನು ಅದಕ್ಕಿಂತ ನನ್ನ ಬಾಯಿಯನ್ನು ನಂಬುತ್ತೇನೆ. ತುಳಿಯುತ್ತಾ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿ, ಒಂದೊಂದೇ ಪದ ಬರುತ್ತಿದ್ದರೆ ಗುಂಡಿ ಸಡಿಲ ಮಾಡುವ ಹೊತ್ತು. ಮೊದಲ ದಿನ ನಾನು 20 ನಿಮಿಷಕ್ಕೆ ನಿಧಾನ ಮಾಡಿ ಇಳಿದೆ. ‘ಸರಿಯಾಗಿ ಮಾಡಿದ್ರಿ ಮೇಡಂ’ ಅಂದಳು ಆ ಹುಡುಗಿ, ಮೈಕಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ. ಆ ಒಂದು ಮಾತು ಎಷ್ಟು ದೊಡ್ಡದು ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ. ಪಕ್ಕದಲ್ಲಿ ಇನ್ನೊಬ್ಬ ಹೊಸ ಹುಡುಗ ಇದ್ದ, ಅವನೂ ಧೈರ್ಯವಾಗಿ ಇಳಿದ.

ಮುಂಚೆಯೇ ಡಾಕ್ಟರನ್ನು ಕೇಳಬೇಕಾದವರು ಇದ್ದಾರೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರನ್ನು ಕಳೆದುಕೊಂಡಾಗ ಜನ ಗಾಬರಿಯಾಗಿ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲು ನಿಂತದ್ದು ನೆನಪಿದೆ. ವ್ಯಾಯಾಮವೇ ಕಾರಣ ಅಂತ ನಾನು ಖಂಡಿತ ಹೇಳುತ್ತಿಲ್ಲ, ಆಗ ಹುಟ್ಟಿದ ಆ ಎಚ್ಚರ ಉಳಿಯಲಿ ಅನ್ನುತ್ತಿದ್ದೇನೆ. ಎದೆನೋವು, ಬಿಪಿ, ಮನೆಯಲ್ಲಿ ಚಿಕ್ಕ ವಯಸ್ಸಿನವರಿಗೆ ಹೃದಯದ ತೊಂದರೆ ಆದದ್ದು ಇದ್ದರೆ ಮೊದಲು ತೋರಿಸಿಕೊಳ್ಳಿ. ಬಿಪಿಗೆ ಕೊಡುವ ಕೆಲವು ಮಾತ್ರೆ ಎದೆಬಡಿತ ಏರುವುದನ್ನು ತಡೆಯುತ್ತವೆ, ಅಂಥವರಿಗೆ ವಾಚಿನ ನಂಬರ್ ನಂಬುವ ಹಾಗಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ಒಮ್ಮೆಲೇ ಇಳಿಯಬಹುದು. ಕೊಲೆಸ್ಟರಾಲಿಗೆ ಸ್ಟ್ಯಾಟಿನ್ ಮಾತ್ರೆ ನುಂಗುವವರು ಸ್ನಾಯು ನೋವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜ್ವರ ಬಂದು ಎದ್ದವರು, ವಾಂತಿ ಭೇದಿಯಾಗಿ ಮೈಯ ನೀರು ಹೋದವರು ಆ ವಾರ ಬಿಟ್ಟುಬಿಡಿ, ಕ್ಲಾಸು ಎಲ್ಲೂ ಓಡಿಹೋಗುವುದಿಲ್ಲ.

ಮೊದಲ ಕ್ಲಾಸಿನ ನಂತರದ ಮೂರು ದಿನ ಗಮನ ಕೊಡಿ. ಮೈಕೈ ನೋವು ಎಲ್ಲರಿಗೂ ಬರುತ್ತೆ, ಮಾರನೇ ದಿನ ಶುರುವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತೆ. ನಡೆದಾಡಿದರೆ ಸಡಿಲ ಆಗುವ ನೋವು ಅದು. ದಿನದಿಂದ ದಿನಕ್ಕೆ ಏರುವ ನೋವು, ಊದಿ ಗಟ್ಟಿಯಾದ ತೊಡೆ, ಕಾಲು ಎತ್ತಲೇ ಆಗದಂಥ ನಿಶ್ಶಕ್ತಿ, ಕಪ್ಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಿದ ಮೂತ್ರ, ಇವು ಬೇರೆ. ಇದರಲ್ಲಿ ಒಂದು ಕಂಡರೂ ಮಾತ್ರೆ ನುಂಗಬೇಡಿ, ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ, ‘ಶನಿವಾರ ಮೊದಲ ಸಲ ಸೈಕಲ್ ಕ್ಲಾಸಿಗೆ ಹೋಗಿದ್ದೆ’ ಅನ್ನುವುದನ್ನು ಬಿಡದೆ ಹೇಳಿ. ನನ್ನ ಅಕ್ಕನ ಮಗ ಮೊದಲು ಕಾಲುನೋವು ಅಂತ ಮಾತ್ರ ಹೇಳಿದ. ಕ್ಲಾಸಿನ ವಿಷಯ ನಾನು ಬಾಯಿಬಿಟ್ಟ ಮೇಲೆಯೇ ಆ ಡ್ಯೂಟಿ ಡಾಕ್ಟರ್ ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿ ‘ಮೂತ್ರ ಯಾವ ಬಣ್ಣ ಇದೆ?’ ಅಂತ ಕೇಳಿದ್ದು.

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅದನ್ನು ಒಂದೇ ಶನಿವಾರ ಮುಗಿಸಬೇಕಿಲ್ಲ. ಮೊದಲ ವಾರ 20 ನಿಮಿಷ, ಎರಡನೇ ವಾರ ಅರ್ಧ ಗಂಟೆ, ನಡುವೆ ಎರಡು ಮೂರು ದಿನ ಬಿಡುವು, ಹೀಗೆ ಹೋದರೆ ಒಂದು ತಿಂಗಳಲ್ಲಿ 45 ನಿಮಿಷದ ಕ್ಲಾಸು ಕಷ್ಟವೇ ಆಗುವುದಿಲ್ಲ. ನನಗೆ ಐದು ವಾರ ಹಿಡಿಯಿತು.

ಆ ಮೊದಲ ಜಿಮ್ಮಿನ ಹೆಸರು ನಾನು ಬರೆಯುವುದಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಹೋಗಿ ಮಾತಾಡಿದೆ. ಅಲ್ಲಿನ ಟ್ರೇನರ್‌ಗೂ ಹೆಚ್ಚು ಅಂದರೆ 23 ವರ್ಷ. ರಾಬ್ಡೊ ಅನ್ನುವ ಪದವನ್ನೇ ಅವನು ಕೇಳಿರಲಿಲ್ಲ, ನಾನು ಹೇಳುತ್ತಿದ್ದಂತೆ ಅವನ ಮುಖ ಬಿಳಿಚಿತು, ‘ಮೇಡಂ, ನನಗೆ ಯಾರೂ ಹೇಳಿಕೊಟ್ಟಿಲ್ಲ’ ಅಂದ. ಅವನ ಮೇಲೆ ನನಗೆ ಕೋಪ ಉಳಿಯಲಿಲ್ಲ. ಕೋಪ ಇರುವುದು 30 ಸೈಕಲ್ಲಿಗೆ ಒಬ್ಬನೇ ಟ್ರೇನರ್ ಇಟ್ಟು, ಅವನನ್ನೂ ಸೈಕಲ್ ಮೇಲೆ ಕೂರಿಸಿ, ಮೈಕ್ ಕೊಟ್ಟು ಕೂಗಿಸುವ ವ್ಯವಸ್ಥೆಯ ಮೇಲೆ. ಕೂತವನು ಯಾರ ಮಂಡಿ ನೋಡಲು ಸಾಧ್ಯ? ಹೊಸಬರು ಬಂದ ದಿನವಾದರೂ ಇನ್ನೊಬ್ಬರು ಕೆಳಗೆ ಇಳಿದು ಸೈಕಲ್ಲುಗಳ ನಡುವೆ ಓಡಾಡಬೇಕು. ಬರುವಾಗಲೇ ಕಾಯಿಲೆ, ಮಾತ್ರೆ ಕೇಳಿ ಬರೆದುಕೊಳ್ಳಬೇಕು. ಕ್ಲಾಸು ಶುರುವಾದ ಮೇಲೆ ಬಂದ ಹೊಸಬರನ್ನು ಅವತ್ತು ಹತ್ತಿಸಲೇಬಾರದು, ನಾಳೆ ಬನ್ನಿ ಅಂತ ಕಳಿಸಬೇಕು. ಇದಕ್ಕೆ ಹೊಸ ಮೆಷಿನ್ ಬೇಡ, ದುಡ್ಡೂ ಹೆಚ್ಚು ಬೇಡ.

ನನ್ನ ಅಕ್ಕನ ಮಗ ಈಗ ಚೆನ್ನಾಗಿದ್ದಾನೆ. ಡಾಕ್ಟರ್ ಎರಡು ತಿಂಗಳು ಬರೀ ನಡಿಗೆ ಅಂದಿದ್ದರು, ಅದು ಮುಗಿಸಿ, ರಕ್ತ ಪರೀಕ್ಷೆ ಮಾಡಿಸಿ, ಹೋದ ತಿಂಗಳಿಂದ ನನ್ನ ಜೊತೆ ಬೆಳಿಗ್ಗೆ ಆರರ ಕ್ಲಾಸಿಗೆ ಬರುತ್ತಿದ್ದಾನೆ. ಅವನ ಸೀಟು 9, ಹ್ಯಾಂಡಲ್ 7.

ನಿಮ್ಮ ಪತ್ರಿಕೆಗೆ ಜಿಮ್‌ಗಳ ಜಾಹೀರಾತು ಬರುತ್ತವೆ, ಬರಲಿ. ‘ಮೊದಲ ಕ್ಲಾಸ್ ಉಚಿತ’ ಅಂತ ಹಾಕುವವರಿಗೆ ಅದರ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಲು ಹೇಳಿ: ‘ಮೊದಲ ಸಲ ಬರುವವರು 15 ನಿಮಿಷ ಮುಂಚೆ ಬನ್ನಿ, 20 ನಿಮಿಷಕ್ಕೆ ಇಳಿಯಿರಿ.’

ಇತಿ,
ಒಬ್ಬ ಹೈಸ್ಕೂಲ್ ಶಿಕ್ಷಕಿ, ಮೈಸೂರು